ಚಿತ್ರ ನೋಡೋಣ – 14: ಗೆದ್ದ ಮೇಲೆ ಅಚ್ಚು ಮುರಿದವನು

ಮೊದಲು ಚಿತ್ರ ನೋಡಿ. ಓದೋದು ಆಮೇಲೆ.

ಲಿಬರ್ಟಿ ಪ್ರತಿಮೆ ಕಾಣ್ತಾ? ನ್ಯೂಯಾರ್ಕಿನ ಬೀದಿಮೂಲೆಯ ಫಲಕಗಳು? ಒಂದು ಲೋಟ ನೀರು? ನಡುನಡುವೆ ಯಾರೋ ಬ್ರಶ್ ಒರೆಸಿ ಹೋದ ಹಾಗೆ ಬಣ್ಣದ ಪಟ್ಟೆಗಳು. ಇದು ರಾಬರ್ಟ್ ರೌಶನ್‌ಬರ್ಗ್ 1963ರಲ್ಲಿ ಮಾಡಿದ ‘ಎಸ್ಟೇಟ್’. ಸುಮಾರು 8 ಅಡಿ ಎತ್ತರದ ಕ್ಯಾನ್ವಾಸ್. ಈಗ ಫಿಲಡೆಲ್ಫಿಯಾದ ಕಲಾ ಮ್ಯೂಸಿಯಂನಲ್ಲಿದೆ.

“ಇದನ್ನ ನಾನು ಫೋನಲ್ಲೇ ಎರಡು ನಿಮಿಷಕ್ಕೆ ಮಾಡ್ತೀನಿ” ಅಂತ ಒಬ್ಬರಾದ್ರೂ ಕಾಮೆಂಟ್ ಹಾಕ್ತೀರಿ, ಗೊತ್ತು. ಹೌದು, ಮಾಡಬಹುದು. ಆದ್ರೆ ನಾನು ಹೇಳಬೇಕಾಗಿರೋದು ಬೇರೆ.

ವಿಧಾನ ನಿಮಗೆ ಗೊತ್ತಿರೋದೇ. ಮದುವೆ ಕಾರ್ಡು, ಬಟ್ಟೆ ಚೀಲ, ಟೀ ಶರ್ಟಿಗೆ ಹಾಕ್ತಾರಲ್ಲ, ಅದೇ ಸ್ಕ್ರೀನ್ ಪ್ರಿಂಟಿಂಗ್. ಚೌಕಟ್ಟಿಗೆ ಬಿಗಿದ ತೆಳು ಜಾಲರಿ ಬಟ್ಟೆ, ಅದರ ಮೇಲೆ ಬೆಳಕಿಗೆ ಗಟ್ಟಿಯಾಗುವ ಲೇಪ. ಫೋಟೋದ ಕಪ್ಪು ಭಾಗ ಬೆಳಕನ್ನ ತಡೆಯುತ್ತೆ, ಅಲ್ಲಿನ ಲೇಪ ನೀರಲ್ಲಿ ತೊಳೆದು ಹೋಗುತ್ತೆ. ಆ ತೆರಪಿನಿಂದ ಶಾಯಿ ಇಳಿಯುತ್ತೆ. ಕೈ ಸ್ವಲ್ಪ ಜಾಸ್ತಿ ಒತ್ತಿದ್ರೆ ಕಲೆ, ಕಮ್ಮಿ ಒತ್ತಿದ್ರೆ ಮಸುಕು. ರೌಶನ್‌ಬರ್ಗ್ ಆ ಕಲೆ-ಮಸುಕನ್ನ ತಿದ್ದಲಿಲ್ಲ, ಹಾಗೇ ಉಳಿಸಿಕೊಂಡ. ಬೀದಿಯ ಫೋಟೋ ಅಮೂರ್ತ ಚಿತ್ರದೊಳಗೆ ಕರಗೋದು ಅಲ್ಲೇ.

1962ರಿಂದ ಎರಡು ವರ್ಷ ಇದೇ ಕೆಲಸ. ತಾನೇ ತೆಗೆದ ಫೋಟೋಗಳು, ಪತ್ರಿಕೆಯ ಚಿತ್ರಗಳು. ಒಂದೇ ಸ್ಕ್ರೀನು ಹಲವು ಕ್ಯಾನ್ವಾಸಿಗೆ. 1964ರಲ್ಲಿ ವೆನಿಸ್ ಬಿನಾಲೆಯ ಚಿತ್ರಕಲೆಯ ದೊಡ್ಡ ಪ್ರಶಸ್ತಿ ಬಂತು. ಆಗ ಆತನಿಗೆ 38 ವರ್ಷ.

ಆಮೇಲೆ ಏನು ಮಾಡಿದ ಗೊತ್ತಾ? ನ್ಯೂಯಾರ್ಕಿನ ತನ್ನ ಸ್ಟುಡಿಯೋದಲ್ಲಿ ಉಳಿದಿದ್ದ ಸ್ಕ್ರೀನುಗಳನ್ನೆಲ್ಲ ನಾಶ ಮಾಡಿಬಿಡಿ ಅಂತ ಹೇಳಿಕಳಿಸಿದ. ಮಾಡಿದ್ದನ್ನೇ ಮತ್ತೆ ಮಾಡೋ ಆಸೆ ತನಗೇ ಬರಬಾರದು ಅಂತ.

ಇದನ್ನ ಓದಿದ ದಿನ ನನಗೆ ನಾಚಿಕೆ ಆಯ್ತು. ಎರಡು ವರ್ಷದ ಹಿಂದೆ ಮೆಜೆಸ್ಟಿಕ್‌ನಲ್ಲಿ ಮಳೆ ನಿಂತ ಮೇಲೆ ತೆಗೆದ ಒಂದು ಫೋಟೋ ನಿಮಗೆಲ್ಲ ಇಷ್ಟ ಆಗಿತ್ತು. ನೀಲಿ ನೆರಳು, ಕಿತ್ತಳೆ ಬೆಳಕು. ಆಮೇಲೆ ನಾನು ಹಾಕಿದ್ದೆಲ್ಲ ಅದೇ ಫೋಟೋ. ಊರು ಬೇರೆ, ಬಣ್ಣ ಅದೇ. ನೀವು ಲೈಕ್ ಕೊಡ್ತಾ ಹೋದ್ರಿ, ನಾನು ನೋಡೋದನ್ನೇ ಬಿಟ್ಟೆ. ಮಂಡ್ಯದ ಮಧ್ಯಾಹ್ನಕ್ಕೂ ಮೆಜೆಸ್ಟಿಕ್ಕಿನ ರಾತ್ರಿ ಬಳಿದೆ.

ಮತ್ತೆ ಮತ್ತೆ ಅದನ್ನೇ ಮಾಡೋದು ತಪ್ಪು ಅಂತ ನಾನು ಹೇಳ್ತಿಲ್ಲ. ಆಂಡಿ ವಾರ್ಹಾಲ್ ಅದೇ ಕಾಲಕ್ಕೆ, ಅದೇ ಸ್ಕ್ರೀನು ಹಿಡಿದು ಪುನರಾವರ್ತನೆಯನ್ನೇ ಕಲೆಯ ವಸ್ತು ಮಾಡಿಕೊಂಡ. ರೌಶನ್‌ಬರ್ಗ್ ಕೂಡ ವರ್ಷಗಳ ನಂತರ ಸ್ಕ್ರೀನಿಗೆ ಮರಳಿದ, ಲೋಹದ ಹಾಳೆಗಳ ಮೇಲೆ. ತಿಳಿದು ಮಾಡೋದು ಬೇರೆ, ಚಪ್ಪಾಳೆ ಬಿತ್ತು ಅಂತ ಮಾಡೋದು ಬೇರೆ.

ಫಿಲ್ಟರ್ ನಮಗೆ ಆತನ ಮಸುಕು, ಕಲೆ ಎಲ್ಲವನ್ನೂ ಕೊಡುತ್ತೆ. ಯಾವಾಗ ನಿಲ್ಲಿಸಬೇಕು ಅನ್ನೋದನ್ನ ಮಾತ್ರ ಕೊಡಲ್ಲ. ಅದನ್ನ ನಾವೇ ತೀರ್ಮಾನ ಮಾಡಬೇಕು.

ಆ ನೀಲಿ-ಕಿತ್ತಳೆ ಪ್ರೀಸೆಟ್ಟನ್ನ ನಿನ್ನೆ ಅಳಿಸಿದೆ. ಮುಂದಿನ ಕೆಲವು ಫೋಟೋ ನಿಮಗೆ ಸಪ್ಪೆ ಅನ್ನಿಸಬಹುದು. ಸಹಿಸಿಕೊಳ್ಳಿ.

ನೀವು ಅಳಿಸಬೇಕಾಗಿರೋದು ಯಾವುದು? ಕೆಳಗೆ ಬರೀರಿ.

#ಚಿತ್ರನೋಡೋಣ