ಜೀಬ್ರಾ ಗೊತ್ತು, ಹೆಫರ್ ಗೊತ್ತಿಲ್ಲ

ಯಾವ ಅಂಗನವಾಡಿಗೆ ಹೋದರೂ ಗೋಡೆ ಮೇಲೆ ಪ್ರಾಣಿಗಳ ಚಾರ್ಟ್ ಒಂದು ಇದ್ದೇ ಇರುತ್ತೆ. ಸಿಂಹ, ಜೀಬ್ರಾ, ಜಿರಾಫೆ, ಕಾಂಗರೂ, ಹಿಪ್ಪೊಪಾಟಮಸ್. ಮೂಲೆಯಲ್ಲೊಂದು ಕಪ್ಪುಬಿಳಿ ಎಚ್‌ಎಫ್ ಹಸು, ಕೆಳಗೆ ‘ಕೌ’. ಮಕ್ಕಳು ಗಟ್ಟಿಯಾಗಿ ಹೇಳ್ತಾರೆ, ನಮಗೂ ಕೇಳೋಕೆ ಖುಷಿ. ಆದರೆ ಆ ಮಗು ಸಂಜೆ ಮನೆಗೆ ಬಂದು ನೋಡೋದು ಜೀಬ್ರಾನ ಅಲ್ಲ. ಕೊಟ್ಟಿಗೆಯಲ್ಲಿ ಇರೋದು ಕರೆಯೋ ಹಸು ಒಂದು, ಗಬ್ಬದ್ದು ಒಂದು, ಕಡಸು ಒಂದು, ಒಂದು ಜೊತೆ ಎತ್ತು. ಹಿತ್ತಲಲ್ಲಿ ನಾಲ್ಕು ಕುರಿ, ಒಂದು ಟಗರು. ಇವಕ್ಕೆಲ್ಲ ಇಂಗ್ಲಿಷಲ್ಲಿ ಏನಂತಾರೆ ಕೇಳಿ ನೋಡಿ. ಕೌ, ಕೌ, ಕೌ, ಶೀಪ್. ಅಲ್ಲಿಗೆ ಮುಗೀತು.

ಇಂಗ್ಲಿಷ್ ದೊಡ್ಡದು, ಕನ್ನಡ ಸಾಲದು ಅಂತ ನಾನು ಹೇಳ್ತಿಲ್ಲ. ದನ ಕಟ್ಟಿರೋ ಮನೆಗೆ ಬೇಕಾದ ಇಂಗ್ಲಿಷ್ ಪ್ರಾಣಿ ಪದ ಇಪ್ಪತ್ತೋ ಮೂವತ್ತೋ ಅಷ್ಟೇ. ಅವನ್ನು ಬಿಟ್ಟು ಬೇಡದ್ದನ್ನೆಲ್ಲ ಕಲಿಸ್ತಿದ್ದೀವಿ. ಬೇಕಾದವು ಎಲ್ಲಿವೆ ಅಂದ್ರೆ ವಿಮೆ ಕಾಗದದಲ್ಲಿ, ಬ್ಯಾಂಕಿನ ಸಾಲದ ಫಾರಂನಲ್ಲಿ, ಔಷಧಿ ಡಬ್ಬದ ಮೇಲೆ, ಫೀಡ್ ಮೂಟೆ ಮೇಲೆ, ಕಿವಿಗೆ ಹಳದಿ ಓಲೆ ಹೊಡೆಯೋರು ಮೊಬೈಲಲ್ಲಿ ಒತ್ತೋ ಪಟ್ಟಿಯಲ್ಲಿ. ಅಲ್ಲಿ ನಮ್ಮ ದುಡ್ಡು ಇದೆ, ಸಹಿನೂ ನಮ್ಮದೇ. ಪದ ಮಾತ್ರ ನಮ್ಮದಲ್ಲ.

ನಮ್ಮ ಪಕ್ಕದ ಹಳ್ಳಿಯವರೊಬ್ಬರ ಕಥೆ ಹೇಳ್ತೀನಿ. ಮೂರು ವರ್ಷದ ವಿಮೆ ಮಾಡಿಸಿದ್ದಾಗ ಅವರದ್ದು ಇನ್ನೂ ಕಡಸು. ಕಾಗದದಲ್ಲಿ ‘ಹೆಫರ್’ ಅಂತ ಬರೆದಿದ್ರು, ಸರಿಯಾಗೇ ಬರೆದಿದ್ರು. ಆಮೇಲೆ ಅದು ಗಬ್ಬ ಆಯ್ತು, ಈದಿತು, ಎರಡನೇ ಕರಾವಿನಲ್ಲಿ ಸತ್ತೋಯ್ತು. ಪೋಸ್ಟ್‌ಮಾರ್ಟಂ ವರದಿಯಲ್ಲಿ ‘ಕೌ’ ಅಂತ ಬಂತು. ಓಲೆ ನಂಬರ್ ಒಂದೇ, ಬಣ್ಣ ಒಂದೇ. ಆದರೂ ‘ವಿಮೆ ಮಾಡಿಸಿದ್ದು ಬೇರೆ, ಸತ್ತಿದ್ದು ಬೇರೆ’ ಅಂತ ಮೂರು ತಿಂಗಳು ಓಡಾಡಿಸಿದ್ರು. ಕೊನೆಗೆ ಡಾಕ್ಟರೇ ಒಂದು ಪತ್ರ ಬರೆದುಕೊಟ್ಟ ಮೇಲೆ ದುಡ್ಡು ಬಂತು. ಆ ಮನೇಲಿ ಇಂಗ್ಲಿಷ್ ಮೀಡಿಯಂನಲ್ಲಿ ಹತ್ತನೇ ಕ್ಲಾಸು ಓದೋ ಮಗಳಿದ್ದಾಳೆ. ಕಾಗದ ಅವಳ ಕೈಗೇ ಕೊಟ್ಟಿದ್ರು. ಹಿಪ್ಪೊಪಾಟಮಸ್ ಸ್ಪೆಲ್ಲಿಂಗ್ ತಡವರಿಸದೆ ಹೇಳೋ ಹುಡುಗಿ, ‘ಹೆಫರ್ ಅಂದ್ರೆ ಯಾವುದೋ ತಳಿ ಇರಬೇಕು ಅಪ್ಪ’ ಅಂದ್ಲಂತೆ. ಅವಳನ್ನ ಬೈಯೋಕೆ ಆಗಲ್ಲ. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹೆಫರ್ ಅಂದ್ರೆ ಕಡಸು ಕಣ್ರಿ, ಇನ್ನೂ ಈಯದೇ ಇರೋದು. ಬರೆಯೋವಾಗ ನಡುವೆ ಒಂದು ‘ಐ’ ಬರುತ್ತೆ, ಹೇಳೋದು ಮಾತ್ರ ಹೆಫರ್ ಅಂತಲೇ. ಗೂಳಿಗೆ ಬುಲ್. ಬೀಜ ಒಡೆಸಿ ನೇಗಿಲಿಗೆ ಕಟ್ಟೋ ಎತ್ತಿಗೆ ಬುಲಕ್. ಈ ಎರಡನ್ನು ಅದಲುಬದಲು ಮಾಡಿದ್ರೆ ಸಾಲದ ಫಾರಂನಲ್ಲಿ ಉಳುಮೆ ಎತ್ತು ಹೋಗಿ ಬಿತ್ತನೆ ಹೋರಿ ಬಂದು ಕೂತಿರುತ್ತೆ. ಕರು ಅಂದ್ರೆ ಕಾಫ್, ಬರೆಯುವಾಗಿನ ‘ಎಲ್’ ಹೇಳುವಾಗ ಇರಲ್ಲ. ಕಂದುರೋಗದ ಲಸಿಕೆ, ಅದೇ ಬ್ರುಸೆಲ್ಲಾ, ಹಾಕೋದು 4ರಿಂದ 8 ತಿಂಗಳ ‘ಫೀಮೇಲ್ ಕಾಫ್’ಗೆ ಮಾತ್ರ. ಅಂದ್ರೆ ಹಸುವಿನ ಮತ್ತು ಎಮ್ಮೆಯ ಹೆಣ್ಣುಗರುಗಳಿಗೆ, ಅದೂ ಬದುಕಿನಲ್ಲಿ ಒಂದೇ ಸಲ. ಗಂಡುಗರು ಹಿಡ್ಕೊಂಡು ಹೋಗಿ ಅಲ್ಲಿ ಜಗಳ ಆಡೋದು ಬೇಡ.

‘ಕ್ಯಾಟಲ್’ ಅನ್ನೋ ಪದ ಇದೆಯಲ್ಲ, ಅದು ಸ್ವಲ್ಪ ಕಿತಾಪತಿ. ಜಾನುವಾರು ಗಣತಿಯಲ್ಲಿ ಕ್ಯಾಟಲ್ ಬೇರೆ, ಬಫಲೋ ಬೇರೆ. ಅಲ್ಲಿ ಕ್ಯಾಟಲ್ ಅಂದ್ರೆ ಹಸು ಎತ್ತಿನ ಜಾತಿ ಅಷ್ಟೇ. ಆದರೆ ನಮ್ಮ ರಾಜ್ಯದ 2020ರ ಜಾನುವಾರು ವಧೆ ಪ್ರತಿಬಂಧಕ ಕಾಯ್ದೆಯ ಇಂಗ್ಲಿಷ್ ಪ್ರತಿಯಲ್ಲಿ ಅದೇ ಪದದೊಳಗೆ ಹಸು, ಕರು, ಗೂಳಿ, ಎತ್ತಿನ ಜೊತೆಗೆ 13 ವರ್ಷದೊಳಗಿನ ಎಮ್ಮೆ, ಕೋಣನೂ ಸೇರುತ್ತೆ. ಕಾಯ್ದೆ ಸರಿಯೋ ತಪ್ಪೋ ಅನ್ನೋ ಚರ್ಚೆ ಇಲ್ಲಿ ಬೇಡ. ಎಮ್ಮೆ ಸಾಗಿಸೋರು ‘ನಮ್ಮದು ಕ್ಯಾಟಲ್ ಅಲ್ಲ ಬಿಡಿ’ ಅಂತ ಗಾಡಿ ಹತ್ತಿಸಿದ್ರೆ ಕಷ್ಟ ಅಂತ ಮಾತ್ರ ಹೇಳ್ತಿದ್ದೀನಿ.

ನನಗೆ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸೋ ಎರಡು ಪದ ಅಂದ್ರೆ ‘ಡ್ರೈ ಕೌ’. ಕೆಚ್ಚಲು ಬಾವಿಗೆ ಮೊಲೆ ತೊಟ್ಟಿನೊಳಗೆ ಏರಿಸೋ ಟ್ಯೂಬುಗಳ ಮೇಲೆ ಈ ಪದ ಇರುತ್ತೆ. ಪದಕ್ಕೆ ಪದ ಹಾಕಿದ್ರೆ ‘ಒಣ ಹಸು’, ಅಂದ್ರೆ ಬಡಕಲಾಗಿರೋದು ಅಂದ್ಕೋಬಹುದು. ಹಾಗಲ್ಲ. ಡ್ರೈ ಕೌ ಅಂದ್ರೆ ಬತ್ತಿದ ಹಸು, ಈಯೋಕೆ ಸುಮಾರು ಎರಡು ತಿಂಗಳು ಇರುವಾಗ ಹಾಲು ಬಿಡಿಸಿರೋದು. ಆ ಟ್ಯೂಬನ್ನ ಕೊನೇ ಸಲ ಕರೆದ ಮೇಲೆ ಏರಿಸ್ತಾರೆ. ಔಷಧಿ ವಾರಗಟ್ಟಲೆ ಕೆಚ್ಚಲಲ್ಲೇ ಉಳಿಯೋ ಹಾಗೆ ಮಾಡಿರ್ತಾರೆ. ಕರೆಯೋ ಹಸುವಿಗೆ ಬೇಕಾಗಿರೋದು ‘ಲ್ಯಾಕ್ಟೇಟಿಂಗ್ ಕೌ’ ಅಂತ ಇರೋ ಟ್ಯೂಬು. ಕಾಯಿಲೆ ಒಂದೇ ಅಂತ ಬತ್ತಿದ ಹಸುವಿನ ಟ್ಯೂಬನ್ನ ಕರೆಯೋ ಹಸುವಿಗೆ ಹಾಕಿದ್ರೆ ಆ ಔಷಧಿ ದಿನಗಟ್ಟಲೆ ಹಾಲಿನಲ್ಲಿ ಬರ್ತಾನೇ ಇರುತ್ತೆ. ಆ ಹಾಲು ಡೇರಿ ಕ್ಯಾನಿಗೂ ಹೋಗುತ್ತೆ, ನಮ್ಮ ಮನೆ ಮಕ್ಕಳ ಲೋಟಕ್ಕೂ ಹೋಗುತ್ತೆ. ಮೆಡಿಕಲ್ ಶಾಪಿಂದ ಹಳೇ ಚೀಟಿ ತೋರಿಸಿ ತಂದು ನಾವೇ ಏರಿಸೋ ಅಭ್ಯಾಸ ಎಷ್ಟು ಮನೇಲಿದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಕುರಿ ಮೇಕೆ ವಿಷಯಕ್ಕೆ ಬಂದ್ರೆ ಇಂಗ್ಲಿಷೇ ತಮಾಷೆ. ಹೆಣ್ಣು ಕುರಿಗೆ ಹೇಳೋದು ‘ಯೂ’. ನೀನು ಅನ್ನೋಕೂ ಅದೇ ಸದ್ದು, ಬರೆಯೋದು ಮಾತ್ರ ಬೇರೆ, ಇ-ಡಬ್ಲ್ಯೂ-ಇ. ಟಗರು ‘ರ್‍ಯಾಮ್’. ಬೀಜ ಒಡೆಸಿದ ಟಗರು ‘ವೆದರ್’, ಕೇಳೋಕೆ ಹವಾಮಾನ ಇದ್ದ ಹಾಗೆ. ಮೇಕೆಯಲ್ಲಿ ಹೆಣ್ಣು ‘ಡೋ’, ಹೋತ ‘ಬಕ್’. ಕುರಿಮರಿಗೆ ಲ್ಯಾಂಬ್, ಆಡಿನ ಮರಿಗೆ ಕಿಡ್. ಹಸು ಈದ್ರೆ ಕಾವಿಂಗ್, ಕುರಿ ಮರಿ ಹಾಕಿದ್ರೆ ಲ್ಯಾಂಬಿಂಗ್, ಆಡು ಹಾಕಿದ್ರೆ ಕಿಡ್ಡಿಂಗ್. ‘ಕಿಡ್ಡಿಂಗ್’ ಅಂದ್ರೆ ತಮಾಷೆ ಮಾಡೋದು ಅಂತ ಮಕ್ಕಳು ಸಿನಿಮಾದಲ್ಲಿ ಕೇಳಿರ್ತಾರೆ. ಡಾಕ್ಟರ ಚೀಟಿಯಲ್ಲಿ ‘ಕಿಡ್ಡಿಂಗ್ ಡೇಟ್’ ಅಂತ ಇದ್ರೆ ನಗಬೇಡಿ, ಮರಿ ಹಾಕಿದ ದಿನ ಕೇಳ್ತಿದ್ದಾರೆ ಅಷ್ಟೇ.

ಕುರಿ ಸಾಕೋರು ಒಂದು ಪದವನ್ನಂತೂ ಬಿಡದೇ ಓದಬೇಕು. ಖನಿಜ ಮಿಶ್ರಣದ ಪ್ಯಾಕೆಟ್ ಮೇಲೆ ‘ಫಾರ್ ಕ್ಯಾಟಲ್’ ಅಂತ ಇದ್ಯಾ, ‘ಫಾರ್ ಶೀಪ್’ ಅಂತ ಇದ್ಯಾ ನೋಡಿ. ದನದ ಮಿಶ್ರಣದಲ್ಲಿ ತಾಮ್ರದ ಅಂಶ ದನಕ್ಕೆ ಬೇಕಾದಷ್ಟು ಇರುತ್ತೆ. ಕುರಿಗೆ ತಾಮ್ರ ಹೆಚ್ಚಾದ್ರೆ ತಡ್ಕೊಳ್ಳಲ್ಲ. ಒಳಗೊಳಗೇ ಪಿತ್ತಜನಕಾಂಗದಲ್ಲಿ ಸೇರ್ತಾ ಹೋಗಿ, ಒಂದು ದಿನ ಇದ್ದಕ್ಕಿದ್ದ ಹಾಗೆ ಕಾಮಾಲೆ ಬಂದು, ಉಚ್ಚೆ ಕೆಂಪಾಗಿ, ಸತ್ತೇ ಹೋಗುತ್ತೆ. ಹಸುವಿಗೆ ತಂದಿದ್ದನ್ನೇ ಕುರಿಗೂ ಒಂದು ಹಿಡಿ ಹಾಕೋದು ನಮ್ಮ ಕಡೆ ಮಾಮೂಲಿ. ಆ ಒಂದು ಪದ ಓದೋಕೆ ಬಂದ್ರೆ ಸಾಕು, ಕೈ ನಿಲ್ಲುತ್ತೆ.

ಓಲೆ ಹಾಕೋವಾಗ ಇನ್ನೊಂದು ಮೋಸ ಆಗುತ್ತೆ, ಬೇಕು ಅಂತ ಯಾರೂ ಮಾಡೋದಲ್ಲ. ‘ಯಾವ ತಳಿ?’ ಅಂತ ಕೇಳ್ತಾರೆ. ನಾವು ‘ನಾಟಿ’ ಅಂತೀವಿ. ಅವರು ‘ನಾನ್-ಡಿಸ್ಕ್ರಿಪ್ಟ್’ ಒತ್ತಿಬಿಡ್ತಾರೆ. ಅಂದ್ರೆ ಗೊತ್ತಾದ ತಳಿ ಯಾವುದೂ ಅಲ್ಲ ಅಂತ. ನಿಮ್ಮ ಮನೇಲಿ ತಲೆಮಾರಿಂದ ಬಂದ ಹಳ್ಳಿಕಾರ್ ಇದ್ರೆ ‘ನಾಟಿ’ ಅನ್ನಬೇಡಿ, ‘ಹಳ್ಳಿಕಾರ್’ ಅನ್ನಿ, ಪರದೆ ಮೇಲೆ ಅದೇ ಬಂತಾ ಅಂತ ಬಗ್ಗಿ ನೋಡಿ. ಮಲೆನಾಡು ಗಿಡ್ಡ, ಅಮೃತ್ ಮಹಲ್, ಖಿಲಾರಿ, ಯಾವುದೇ ಇರಲಿ ಹಾಗೇ. ವಿಮೆ ಫಾರಂನಲ್ಲಿ ಗುರುತು ಬರೆಯೋ ಜಾಗದಲ್ಲಿ ‘ಟೇಲ್ ಸ್ವಿಚ್’ ಅಂತ ಇರುತ್ತೆ, ಅದು ಕರೆಂಟಿನ ಸ್ವಿಚ್ ಅಲ್ಲ, ಬಾಲದ ತುದಿಯ ಕುಚ್ಚು. ‘ಪೋಲ್ಡ್’ ಅಂದ್ರೆ ಹುಟ್ಟಾ ಕೊಂಬಿಲ್ಲದ್ದು. ಕುಚ್ಚು ಕಪ್ಪಿದ್ದು ಕಾಗದದಲ್ಲಿ ಬಿಳಿ ಅಂತಿದ್ರೆ ಅವತ್ತೇ ತಿದ್ದಿಸಿ. ದನ ಸತ್ತ ಮೇಲೆ ತಿದ್ದೋರು ಯಾರೂ ಸಿಗಲ್ಲ. ಓಲೆ ಬಿದ್ದೋದ್ರೂ ಅಷ್ಟೇ, ‘ನೋ ಟ್ಯಾಗ್ ನೋ ಕ್ಲೇಮ್’ ಅಂತ ಮೊದಲೇ ಅಚ್ಚು ಹಾಕಿಸಿರ್ತಾರೆ.

ಕಾಡಂಚಿನವರಿಗೆ ಬೇರೆ ಪಟ್ಟಿ. ಚಿರತೆ ಅಂದ್ರೆ ಲೆಪರ್ಡ್. ಸದ್ದು ಹತ್ತಿರ ಇದೆ ಅಂತ ಎಷ್ಟೋ ಹುಡುಗರು ‘ಚೀಟಾ’ ಅಂತ ಬರೀತಾರೆ. ಚೀಟಾ ಅಂದ್ರೆ ಸಿವಂಗಿ. ಅದು ನಮ್ಮ ದೇಶದಿಂದ ಅಳಿದೇ ಹೋಯ್ತು ಅಂತ 1952ರಲ್ಲಿ ಘೋಷಣೆ ಆಗಿತ್ತು. 2022ರಲ್ಲಿ ನಮೀಬಿಯಾದಿಂದ ತಂದು ಬಿಟ್ಟಿದ್ದು ಮಧ್ಯಪ್ರದೇಶದ ಕುನೋದಲ್ಲಿ. ಅದು ನಿಮ್ಮ ಕರು ಹಿಡೀತು ಅಂತ ಅರ್ಜಿ ಕೊಟ್ರೆ ಓದಿದೋರು ಏನಂದ್ಕೋಬೇಕು? ಮುಳ್ಳುಹಂದಿ ಹಂದಿಯೇ ಅಲ್ಲ, ಪೊರ್ಕ್ಯುಪೈನ್, ಇಲಿ ಅಳಿಲಿನ ಗುಂಪಿನದ್ದು. ಕಾಡುಹಂದಿ ವೈಲ್ಡ್ ಬೋರ್. ಕಾಟಿ, ಕಾಡುಕೋಣ ಅಂತೀವಲ್ಲ, ಅದು ವೈಲ್ಡ್ ಬಫಲೋ ಅಲ್ಲ, ಗೌರ್. ಎಲ್ಲರ ಬಾಯಲ್ಲೂ ಬೈಸನ್ ಅಂತ ಇದೆ, ಅದೂ ನಡೆಯುತ್ತೆ. ನರಿಗೆ ಶಾಲೆಯಲ್ಲಿ ಫಾಕ್ಸ್ ಅಂತ ಕಲಿಸ್ತಾರೆ. ರಾತ್ರಿ ಕಬ್ಬಿನ ಗದ್ದೆ ಕಡೆಯಿಂದ ಗುಂಪಾಗಿ ಊಳಿಡೋದು ಜಾಕಲ್. ಹೆಗ್ಗಣಕ್ಕೆ ಬ್ಯಾಂಡಿಕೂಟ್ ಅಂತಾರಲ್ಲ, ಅದು ತೆಲುಗಿನ ‘ಪಂದಿಕೊಕ್ಕು’ವಿನಿಂದ ಇಂಗ್ಲಿಷಿಗೆ ಹೋದ ಪದ, ಹಂದಿ ಇಲಿ ಅಂತ ಅರ್ಥ. ಅವರೂ ನಮ್ಮ ಕಡೆಯವರ ಹತ್ತಿರ ಕೇಳಿಕೊಂಡೇ ಬರೆದುಕೊಂಡಿದ್ದು. ಹಾಗಾಗಿ ನಾವು ಅವರದ್ದು ನಾಲ್ಕು ಪದ ಕೇಳೋಕೆ ನಾಚಿಕೆ ಏನಿಲ್ಲ.

‘ಕಾಗದ ಕನ್ನಡದಲ್ಲೇ ಕೊಡಲಿ, ನಾವ್ಯಾಕೆ ಕಲೀಬೇಕು?’ ಅನ್ನೋರಿದ್ದೀರಿ. ನನ್ನ ಮಾತೂ ಅದೇ. ಕೊಡಲಿ, ಕೇಳೋಣ, ಗಲಾಟೆನೂ ಮಾಡೋಣ. ಆದರೆ ಟ್ಯೂಬು ಇವತ್ತು ಕೈಯಲ್ಲಿದೆ, ಹಸು ಇವತ್ತು ನಿಂತಿದೆ. ಇನ್ನು ಕೆಲವರು ‘ಫೋನಲ್ಲಿ ಫೋಟೋ ಹೊಡೆದ್ರೆ ಅನುವಾದ ಬರುತ್ತಲ್ಲ’ ಅಂತಾರೆ. ಬರುತ್ತೆ, ನಾನೂ ಬಳಸ್ತೀನಿ. ಆದರೆ ಕಿಡ್ ಅನ್ನೋದು ಆಡಿನ ಮರಿಯೋ ಮನುಷ್ಯರ ಮಗುವೋ ಅಂತ ಅದು ಹೇಗೆ ಅಂದ್ಕೊಳ್ಳುತ್ತೋ, ಬಂದ ಉತ್ತರ ಸರಿಯೋ ತಪ್ಪೋ ಅಂತ ಹೇಳೋಕೆ ಪದ ನಮಗೇ ಗೊತ್ತಿರಬೇಕು.

ನನಗೆ ಬೇಜಾರಾಗೋ ಸಂಗತಿ ಇನ್ನೊಂದಿದೆ. ಮಕ್ಕಳಿಗೆ ‘ಕೌ’ ಬಂದ ಮೇಲೆ ‘ಕಡಸು’ ಹೋಗ್ತಿದೆ. ಹೆಫರ್ ಕಲೀಲಿಲ್ಲ, ಕಡಸನ್ನೂ ಬಿಟ್ರು, ಎರಡಕ್ಕೂ ನಡುವೆ ನಿಂತಿದ್ದಾರೆ. ಸಂತೆಯಲ್ಲಿ ‘ಎರಡು ಹಲ್ಲು’, ‘ನಾಲ್ಕು ಹಲ್ಲು’, ‘ಬಾಯಿ ಕೂಡಿದೆ’ ಅಂದ್ರೆ ಈಗಿನ ಹುಡುಗರು ಮುಖ ನೋಡ್ತಾರೆ. ಮಜಾ ಅಂದ್ರೆ ಇಂಗ್ಲಿಷ್ ಕುರಿಗಾಹಿಗಳೂ ಹಾಗೇ ಲೆಕ್ಕ ಹಾಕೋದು. ಟೂ-ಟೂತ್, ಫೋರ್-ಟೂತ್, ಫುಲ್ ಮೌತ್. ಹಲ್ಲು ಸವೆದು ಉದುರಿದ್ದಕ್ಕೆ ಬ್ರೋಕನ್ ಮೌತ್. ಬಾಯಿ ಕೂಡೋದು ಗೊತ್ತಿರೋ ಹುಡುಗನಿಗೆ ಫುಲ್ ಮೌತ್ ಕಲಿಸೋಕೆ ಅರ್ಧ ನಿಮಿಷ ಸಾಕು. ಗೊತ್ತಿಲ್ಲದವನಿಗೆ ಎರಡೂ ಬರೀ ಸದ್ದು.

ಅದಕ್ಕೇ ಹೇಳೋದು, ಕೊಟ್ಟಿಗೆಯಲ್ಲಿ ಕಲಿಸಿ. ನಮ್ಮ ಮನೇಲಿ ಗೊಂತಿನ ಮೇಲಿನ ಗೋಡೆಗೆ ಸುಣ್ಣದಲ್ಲಿ ಬರೆದಿದ್ದೀವಿ, ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್. ಕಡಸು ಈದ ದಿನ ಮಗನೇ ‘ಹೆಫರ್’ ಅಳಿಸಿ ‘ಕೌ’ ಬರೆದ. ಹಾಲು ಬತ್ತಿಸಿದಾಗ ಪಕ್ಕದಲ್ಲಿ ‘ಡ್ರೈ’ ಸೇರಿಸ್ತಾನೆ. ವಿಮೆ ಕಾಗದನೂ ಹಾಗೇ ಬದಲಾಯಿಸಬೇಕು ಅಂತ ಅವನಿಗೇ ಹೊಳೀತು. ಪಶು ವೈದ್ಯರನ್ನೋ ಪಶು ಸಖಿಯನ್ನೋ ‘ಏನು ಬರೆದ್ರಿ, ಸ್ವಲ್ಪ ಓದಿ ಹೇಳಿ’ ಅಂತ ಕೇಳಿ. ಬೇಜಾರು ಮಾಡ್ಕೊಳ್ಳಲ್ಲ, ಓದಿ ಹೇಳ್ತಾರೆ.

ಈ ವಾರ ಮನೇಲಿರೋ ವಿಮೆ ಕಾಗದ ತೆಗೆದು ಒಂದೊಂದೇ ದನದ ಮುಂದೆ ನಿಂತು ತಾಳೆ ನೋಡಿ. ಗೊತ್ತಾಗದ ಪದ ಇದ್ರೆ ಅದನ್ನಷ್ಟೇ ಇಲ್ಲಿ ಹಾಕಿ, ಓಲೆ ನಂಬರ್ ಮತ್ತು ಹೆಸರು ಹಾಕಬೇಡಿ. ಹಾಗೇ ನಿಮ್ಮ ಕಡೆ ಕಡಸಿಗೆ, ಬೀಜ ಒಡೆಸಿದ ಟಗರಿಗೆ ಏನಂತೀರಿ ಅಂತಲೂ ಬರೀರಿ. ಹತ್ತು ಮೈಲಿಗೆ ಒಂದೊಂದು ಹೆಸರು ಇರುತ್ತೆ, ಗೋಡೆ ಮೇಲೆ ಇನ್ನೂ ಜಾಗ ಇದೆ.