ಗಿಟಾರಿನ ಕ್ಯಾಪೊ ಮತ್ತು ನಮ್ಮ ಮಡಿ

ಕನ್ನಡ ಪಾಠ ಹೇಳುವವನಿಗೆ ಗಿಟಾರಿನ ಗೊಡವೆ ಏಕೆಂದು ಕೇಳುವವರು ಕೇಳಲಿ. ಮನಸ್ಸಿನಲ್ಲಿ ಒಂದು ಮುಳ್ಳು ಮುರಿದು ಉಳಿದಿದೆ. ಅದನ್ನು ಕೀಳದೆ ಬೇರೆ ಏನನ್ನೂ ಬರೆಯಲಾರೆ.

ಕಳೆದ ವರ್ಷ ತುಮಕೂರಿನಲ್ಲಿ ನಡೆದ ಅಂತರ ಕಾಲೇಜು ಗಾಯನ ಸ್ಪರ್ಧೆಗೆ ನನ್ನನ್ನೂ ತೀರ್ಪುಗಾರನನ್ನಾಗಿ ಕರೆದಿದ್ದರು. ಉಚ್ಚಾರಣೆ, ಸಾಹಿತ್ಯಶುದ್ಧಿ ನನ್ನ ಪಾಲು. ರಾಗ ತಾಳಗಳು ಉಳಿದಿಬ್ಬರ ಪಾಲು. ಕುಣಿಗಲ್ ಕಡೆಯ ಹುಡುಗಿಯೊಬ್ಬಳು ತನ್ನೂರಿನ ಹಾಡಾದ 'ಮೂಡಲ್ ಕುಣಿಗಲ್ ಕೆರೆ'ಯನ್ನೇ ಆರಿಸಿಕೊಂಡಿದ್ದಳು. ಪಕ್ಕದಲ್ಲಿ ಗಿಟಾರ್ ಹಿಡಿದ ಸಹಪಾಠಿ. ಹುಡುಗ ಹಾರ್ಮೋನಿಯಂ ಲೆಕ್ಕದ ಬಿಳಿ ಐದರಲ್ಲಿ ಶುರುಮಾಡಿದ. ಎರಡನೆಯ ಸಾಲಿಗೇ ಆಕೆಯ ದನಿ ತಳ ಸೇರಿ ಮಾತೇ ಕೇಳಿಸದಾಯಿತು. ಹುಡುಗ ಕೈ ತಡೆದು, ಜೇಬಿನಿಂದ ಬಟ್ಟೆ ಒಣಹಾಕುವ ಕ್ಲಿಪ್ಪಿನಂಥದೊಂದು ಸಾಧನ ತೆಗೆದು, ಗಿಟಾರಿನ ಕತ್ತಿಗೆ ಮೂರನೆಯ ಮೆಟ್ಟಿಲ ಬಳಿ ಕಚ್ಚಿಸಿ ಮತ್ತೆ ನುಡಿಸಿದ. ಶ್ರುತಿ ಕಪ್ಪು ಐದಕ್ಕೆ ಏರಿತು; ಹುಡುಗಿಯ ಗಂಟಲು ತೆರೆಯಿತು. ಹಿಂದಿನ ಸಾಲಿನಲ್ಲಿ ಹರಟುತ್ತಿದ್ದವರು ಕೂಡ ಬಾಯಿ ಮುಚ್ಚಿದರು.

ಅಂಕ ಹಾಕುವಾಗ ನನ್ನ ಪಕ್ಕದ ತೀರ್ಪುಗಾರರು ನಕ್ಕರು. "ಅದು ಕ್ಯಾಪೊ ಅಂತ ಸ್ವಾಮಿ. ಬೆರಳು ಬಗ್ಗದವರ ಊರುಗೋಲು. ಪರೀಕ್ಷೆಗೆ ಚೀಟಿ ತಂದ ಹಾಗೆ" ಎಂದು ಹೇಳಿ ಕೈಬಿಟ್ಟು ಕಳೆದರು. ಹುಡುಗಿಯನ್ನು ವೇದಿಕೆಗೆ ಕರೆದು, "ಇದ್ದ ಶ್ರುತಿಗೆ ಕಂಠವನ್ನು ತರಬೇಕಮ್ಮ, ಕಂಠಕ್ಕೆ ಶ್ರುತಿಯನ್ನು ತರಬಾರದು" ಎಂದು ಬುದ್ಧಿಯನ್ನೂ ಹೇಳಿದರು. ನಾನು ತಲೆಯಾಡಿಸಿದೆ. ನನಗೆ ಆ ವಿದ್ಯೆಯ ಗಂಧವೂ ಇರಲಿಲ್ಲ. ತಿಳಿಯದವನು ತಿಳಿದವರ ಮುಂದೆ ತಲೆಯಾಡಿಸುವುದು ನಮ್ಮಲ್ಲಿ ಸಭ್ಯತೆ. ಕೆಲವು ತಿಂಗಳಾದ ಮೇಲೆ ಬಸ್ ನಿಲ್ದಾಣದಲ್ಲಿ ಆ ಹುಡುಗ ಸಿಕ್ಕಿದ. ಹುಡುಗಿಯ ವಿಚಾರ ಕೇಳಿದೆ. "ಈಗ ಹಾಡಲ್ಲ ಸಾರ್. ಕಂಠವೇ ಸರಿಯಿಲ್ಲ ಅಂತ ತಾನೇ ತೀರ್ಮಾನ ಮಾಡಿಕೊಂಡಿದ್ದಾಳೆ" ಎಂದ.

ನಾಚಿಕೆಯಾಯಿತು. ಅವನನ್ನೇ ಮನೆಗೆ ಕರೆಸಿ, ಕಾಫಿ ಕೊಟ್ಟು ಪಾಠ ಹೇಳಿಸಿಕೊಂಡೆ. ವಿಷಯ ಇಷ್ಟೆ. ಗಿಟಾರಿಗೆ ಆರು ತಂತಿ. ಕತ್ತಿನ ಮೇಲೆ ವೀಣೆಯಂತೆ ಮೆಟ್ಟಿಲುಗಳು. ಒಂದೊಂದು ಮೆಟ್ಟಿಲಿಗೆ ಅರ್ಧ ಸ್ವರದಷ್ಟು ಏರಿಕೆ, ಹನ್ನೆರಡಕ್ಕೆ ಒಂದು ಸ್ಥಾಯಿ. ಮೂರು ನಾಲ್ಕು ಸ್ವರ ಒಟ್ಟಿಗೆ ನುಡಿಯುವಂತೆ ಬೆರಳಿಡುವುದು ಕಾರ್ಡ್. ಜಿ, ಸಿ, ಡಿ, ಇ ಮೈನರ್ ಎಂಬ ಕಾರ್ಡುಗಳಲ್ಲಿ ಕೆಲವು ತಂತಿಗಳು ಮುಟ್ಟದೆ ಬಿಟ್ಟಂತೆ ನುಡಿಯುತ್ತವೆ. ಗಿಟಾರಿನ ತುಂಬುನಾದ ಬರುವುದು ಅಲ್ಲಿಂದ. ಅದೇ ಹಾಡನ್ನು ಕಪ್ಪು ಐದರಲ್ಲಿ ನುಡಿಸಬೇಕಾದರೆ ತೋರುಬೆರಳನ್ನು ಆರೂ ತಂತಿಗಳಿಗೆ ಅಡ್ಡಲಾಗಿ ಒತ್ತಿ ಹಿಡಿದು, ಉಳಿದ ಬೆರಳುಗಳಿಂದ ಕಾರ್ಡ್ ಕಟ್ಟಬೇಕು. ಹಾಗೆ ಅಡ್ಡ ಮಲಗಿದ ತೋರುಬೆರಳು ಮಾಡುವ ಕೆಲಸವನ್ನೇ ಕ್ಯಾಪೊ ಮಾಡುತ್ತದೆ, ದಣಿಯದೆ ಮಾಡುತ್ತದೆ. ಬೆರಳು ಒತ್ತಿದರೆ ವಿದ್ಯೆ, ಕ್ಲಿಪ್ಪು ಒತ್ತಿದರೆ ಚೀಟಿ: ಇದು ಯಾವ ಶಾಸ್ತ್ರ?

ನಮ್ಮ ಕಛೇರಿಗಳನ್ನೇ ನೋಡಿ. ಕೊಳಲಿನ ವಿದ್ವಾಂಸರ ಚೀಲದಲ್ಲಿ ಉದ್ದ ಗಿಡ್ಡ ಹಲವು ಕೊಳಲುಗಳಿರುತ್ತವೆ. ಶ್ರುತಿ ಬದಲಾದರೆ ಕೊಳಲು ಬದಲು. ಬೆರಳಿನ ವಿನ್ಯಾಸ ಮಾತ್ರ ಅದೇ. ಕ್ಯಾಪೊ ಮಾಡುವುದು ಅಕ್ಷರಶಃ ಇದನ್ನೇ. ತಗ್ಗು ಶ್ರುತಿಗೊಂದು, ಹೆಚ್ಚು ಶ್ರುತಿಗೊಂದು ಮೃದಂಗವಿಟ್ಟುಕೊಂಡವರನ್ನು ಯಾರಾದರೂ ಕಳ್ಳರೆಂದು ಕರೆದದ್ದುಂಟೆ? ತಂಬೂರಿಯನ್ನು ಹಾಡುವವರ ಕಂಠಕ್ಕೆ ಮೇಳೈಸುತ್ತೇವೆಯೇ ಹೊರತು ಹಾಡುವವರ ಕತ್ತನ್ನು ತಿರುಚಿ ತಂಬೂರಿಗೆ ಕಟ್ಟುವುದಿಲ್ಲ.

ಗುಬ್ಬಿಯ ಮಗ್ಗುಲಲ್ಲೇ ಇರುವ ಊರಿನವರಿಗೆ ಇದನ್ನು ಹೇಳಬೇಕಾಗಿ ಬಂದದ್ದೇ ಸೋಜಿಗ. 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘ, ಗುಬ್ಬಿ ವೀರಣ್ಣನವರ ಕಾಲದಲ್ಲಿ ನಾಡೆಲ್ಲ ಮೆರೆದ ಕಂಪೆನಿ. ಕಂಪೆನಿ ನಾಟಕವೆಂದರೆ ಹಾಡು. ಹಾಡೆಂದರೆ ಕಾಲು ಹಾರ್ಮೋನಿಯಂ. ಇಂದಿಗೂ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ಕಲಿಸಲು ಬರುವ ಹಾರ್ಮೋನಿಯಂ ಮೇಷ್ಟ್ರು ಮೊದಲು ಕೇಳುವುದು, "ನಿನ್ನ ಶ್ರುತಿ ಯಾವುದಪ್ಪ?" ಎಂದು. ಹಗಲೆಲ್ಲ ತೆಂಗಿನ ತೋಟದಲ್ಲಿ ದುಡಿದು ರಾತ್ರಿ ದುರ್ಯೋಧನನಾಗುವವನಿಗೆ ಬಿಳಿ ನಾಲ್ಕು ಎಟುಕದಿದ್ದರೆ ಮೇಷ್ಟ್ರು ಬಿಳಿ ಎರಡಕ್ಕೆ ಇಳಿಯುತ್ತಾರೆ. ಹಾಗೆ ಇಳಿದಾಗ ಅವರ ಬೆರಳುಗಳ ದಾರಿಯೇ ಬೇರೆಯಾಗುತ್ತದೆ. ಆ ತೊಡಕಿಗಾಗಿಯೇ ಮನೆಗಳ ಸಾಲನ್ನು ಪಕ್ಕಕ್ಕೆ ಸರಿಸಬಲ್ಲ ಸ್ಕೇಲ್ ಚೇಂಜರ್ ಹಾರ್ಮೋನಿಯಂ ಬಂತು. ಅದು ನಮ್ಮ ಭಜನಾ ಮಂಡಲಿಗಳಲ್ಲಿ ಕುಂಕುಮ ಹಚ್ಚಿಸಿಕೊಂಡು ಕೂತಿದೆ. ನನ್ನ ಮಿತ್ರ ತೀರ್ಪುಗಾರರ ಮನೆಯಲ್ಲೂ ಒಂದಿದೆ, ಕಣ್ಣಾರೆ ಕಂಡಿದ್ದೇನೆ.

ಹಾರ್ಮೋನಿಯಮ್ಮಿಗೂ ಹಿಂದೆ ಈ ಮಡಿಯ ಕಾಟ ತಪ್ಪಿರಲಿಲ್ಲ. 1940ರಲ್ಲಿ ರೇಡಿಯೋದವರು ಅದನ್ನು ಪರದೇಶಿ ಪೆಟ್ಟಿಗೆಯೆಂದು ಹೊರಗಿಟ್ಟರು. 1971ರವರೆಗೆ ಬಾಗಿಲು ತೆರೆಯಲಿಲ್ಲ. ಅಷ್ಟು ವರ್ಷವೂ ನಮ್ಮ ರಂಗಭೂಮಿ ಅದೇ ಪೆಟ್ಟಿಗೆಯ ಉಸಿರಿನಿಂದ ಬದುಕಿತ್ತು.

ನನ್ನ ಕಸುಬಿನಿಂದಲೇ ಒಂದು ಮಾತು. ಗಮಕಿಗಳು ಕುಮಾರವ್ಯಾಸನನ್ನು ವಾಚಿಸುವಾಗ ಶ್ರುತಿಯನ್ನು ಯಾರು ಗೊತ್ತುಮಾಡುತ್ತಾರೆ? ಅವರ ಗಂಟಲು. ಭಾಮಿನಿಯ ಮೂರು ನಾಲ್ಕು ಮಾತ್ರೆಗಳ ನಡೆ ಮಾತ್ರ ಯಾವ ಶ್ರುತಿಯಲ್ಲೂ ಕದಲದು. ಕ್ಯಾಪೊ ಹಾಕಿದ ಗಿಟಾರಿನಲ್ಲಿ ಕಾರ್ಡುಗಳ ಆಕಾರವೂ ಹಾಗೆಯೇ: ಎತ್ತರ ಬದಲಾಯಿತು, ಅವುಗಳ ನಡುವಣ ನಂಟು ಬದಲಾಗಲಿಲ್ಲ. ಛಂದಸ್ಸು ಓದಿದವರಿಗೆ ಇದು ಒಗಟಲ್ಲ.

ಇನ್ನು ಬೆರಳು ಬಗ್ಗದವರ ಊರುಗೋಲೆಂಬ ಮಾತು. ಸ್ಪೇನ್ ದೇಶದ ಫ್ಲಮೆಂಕೊ ವಾದಕರು ಕ್ಯಾಪೊವನ್ನು ಪುಟ್ಟ ಹುಬ್ಬು ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ; ಅಲ್ಲಿ ಹಾಡುಗಾರನ ಕಂಠಕ್ಕೆ ತಕ್ಕಂತೆ ಅದನ್ನು ಏರಿಸಿ ಇಳಿಸುವುದು ನಿತ್ಯದ ರೂಢಿ. ಕಾಮರೋನ್ ಎಂಬ ಮಹಾಗಾಯಕನಿಗೆ ಜತೆ ನುಡಿಸಿದ ಪಾಕೊ ದೆ ಲೂಸಿಯಾ ಅದನ್ನು ಬಳಸಿದವರೇ. 2014ರಲ್ಲಿ ತೀರಿಕೊಂಡ ಆತನ ಬೆರಳು ಬಗ್ಗುತ್ತಿರಲಿಲ್ಲವೆಂದು ಹೇಳುವ ಧೈರ್ಯ ನಮ್ಮ ತುಮಕೂರಿನ ವಿಮರ್ಶಕರಿಗಿದ್ದರೆ ಸಂತೋಷ. ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ 1969ರ 'ಹಿಯರ್ ಕಮ್ಸ್ ದ ಸನ್' ಹಾಡಿಗೆ ಕ್ಯಾಪೊವನ್ನು ಏಳನೆಯ ಮೆಟ್ಟಿಲಿಗೆ ಏರಿಸಿದ್ದು ಕೈಲಾಗದೆ ಅಲ್ಲ. ಆ ಎಳೆಬಿಸಿಲಿನಂಥ ನಾದ ಅಲ್ಲಿಯೇ ಸಿಗುತ್ತಿತ್ತು.

ಎದುರುಪಕ್ಷದ ಮಾತಿನಲ್ಲಿ ಹುರುಳೇ ಇಲ್ಲವೆಂದು ನಾನು ಹೇಳುವುದಿಲ್ಲ. ಅಡ್ಡಬೆರಳಿನ ಕಾರ್ಡನ್ನು ಜನ್ಮದಲ್ಲಿ ಕಲಿಯದೆ, ನಾಲ್ಕು ಆಕಾರಗಳನ್ನೇ ಕ್ಲಿಪ್ಪಿನ ಬಲದಿಂದ ಊರೆಲ್ಲ ಮಾರುವ ಹುಡುಗರಿದ್ದಾರೆ, ಅವರನ್ನು ಗದರಿಸಬೇಕು. ಮೆಟ್ಟಿಲಿಗೆ ಒತ್ತಾಗಿ, ಅದರ ಹಿಂಬದಿಗೆ ಹಾಕದೆ ಎಲ್ಲೆಂದರಲ್ಲಿ ಹಾಕಿದರೆ ತಂತಿ ಗರಗರ ಎನ್ನುತ್ತದೆ. ಅತಿಯಾಗಿ ಬಿಗಿದರೆ ಸ್ವರ ಮೇಲಕ್ಕೆ ಜಾರಿ ಅಪಶ್ರುತಿಯಾಗುತ್ತದೆ. ಹಾಕಿದ ಮೇಲೆ ಶ್ರುತಿ ನೋಡಿಕೊಳ್ಳದವನ ಅಂಕ ಧಾರಾಳವಾಗಿ ಕಳೆಯಿರಿ. ರಾಗದ ಗಮಕಕ್ಕೆ ಕಾರ್ಡುಗಳು ಹೊಂದುತ್ತವೆಯೇ ಎಂಬ ದೊಡ್ಡ ತಕರಾರೂ ಇದೆ. ಅದು ಗಿಟಾರಿನ ಮೇಲಿನ ತಕರಾರು, ಕ್ಯಾಪೊ ಮೇಲಿನದಲ್ಲ. ರಘು ದೀಕ್ಷಿತರು ಶಿಶುನಾಳ ಶರೀಫರನ್ನು ಗಿಟಾರಿನೊಡನೆ ಹಾಡಿ ಜನ ಒಪ್ಪಿಯಾದ ಮೇಲೆ ಆ ವ್ಯಾಜ್ಯವನ್ನು ಒಂದು ಹುಡುಗಿಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ನನ್ನ ಸಿಟ್ಟೆಲ್ಲ ಇಲ್ಲಿಯೇ. ವಾದ್ಯಗಾರನಿಗೆ ಸೋಮಾರಿತನ ಎಂದು ಬೈದರೆ ಅವನು ನಾಳೆ ಕಲಿತಾನು. ಆದರೆ ಆ ದಿನ ಪೆಟ್ಟು ಬಿದ್ದದ್ದು ಹಾಡುವವಳ ಕಂಠಕ್ಕೆ. ಕುಣಿಗಲ್ ಕಡೆಯ ಮದುವೆ ಮನೆಗಳಲ್ಲಿ ಸೋಬಾನೆ ಎತ್ತುವ ಹೆಂಗಸು ತನಗೆ ಒಗ್ಗಿದ ಎತ್ತರದಲ್ಲಿ ಎತ್ತುತ್ತಾಳೆ. ಉಳಿದವರು ಅವಳ ಹಿಂದೆ ಬರುತ್ತಾರೆ. ಆ ನೆಲದ ಹುಡುಗಿಗೆ, ಆ ನೆಲದ ಹಾಡಿನಲ್ಲಿ, ನಿನ್ನ ದನಿಗೆ ಸ್ವಂತ ಎತ್ತರವಿಲ್ಲ ಎಂದು ಹೇಳಿ ಕಳುಹಿಸಿದ್ದೇವೆ. ಹೇಳಿದವರು ಒಬ್ಬರು, ತಲೆಯಾಡಿಸಿದವನು ನಾನು.

ಈ ವರ್ಷವೂ ಸ್ಪರ್ಧೆಯವರ ಕರೆ ಬಂದಿದೆ. ಅರ್ಜಿಯ ನಮೂನೆಯಲ್ಲಿ 'ನಿಮ್ಮ ಶ್ರುತಿ ಯಾವುದು?' ಎಂಬ ಒಂದು ಸಾಲು ಸೇರಿಸುವುದಾದರೆ ಬರುತ್ತೇನೆಂದು ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ನಮೂನೆಯ ಒಂದು ಪ್ರತಿಯನ್ನು, ಆ ಸಾಲನ್ನು ನಾನೇ ಕೈಯಲ್ಲಿ ಬರೆದು, ಗಿಟಾರಿನ ಹುಡುಗನ ಮೂಲಕ ಕುಣಿಗಲ್‌ಗೆ ಕಳುಹಿಸಿದ್ದೇನೆ.