ಬತ್ತೇರಿ, ಬ್ಯಾಟರಿ ಮತ್ತು ಮದ್ದಿನ ಮನೆ

ಗುಂಡ್ಲುಪೇಟೆಯಿಂದ ನಮ್ಮ ಮದ್ದೂರಿನ ಮೇಲೆ ಹಾಯ್ದು ಕಾಡಿನೊಳಗೆ ನುಗ್ಗುವ ಹೆದ್ದಾರಿಯ ಫಲಕಗಳಲ್ಲಿ ‘ಸುಲ್ತಾನ್ ಬತ್ತೇರಿ’ ಎಂಬ ಹೆಸರನ್ನು ಇಲ್ಲಿಯ ಮಕ್ಕಳು ಅಕ್ಷರ ಕಲಿತ ದಿನದಿಂದಲೂ ಓದುತ್ತಿದ್ದಾರೆ. ರಾತ್ರಿ ಒಂಬತ್ತಕ್ಕೆ ಚೆಕ್‌ಪೋಸ್ಟಿನ ಗೇಟು ಬಿದ್ದರೆ ಬೆಳಗಿನ ಆರರವರೆಗೆ ಕೆಲವು ಬಸ್ಸು, ಆಂಬುಲೆನ್ಸು ಬಿಟ್ಟು ಬೇರೆ ವಾಹನ ಆ ಕಡೆಗೆ ಹೋಗುವಂತಿಲ್ಲ. 2009ರಿಂದ ಹೀಗೆಯೇ ನಡೆದು ಬಂದಿದೆ. ಆದರೆ ‘ಬತ್ತೇರಿ’ ಎಂದರೇನು ಎಂದು ನನ್ನನ್ನು ಯಾರೂ ಕೇಳಿರಲಿಲ್ಲ.

ಒಮ್ಮೆ ಎಂಟನೆಯ ತರಗತಿಯಲ್ಲಿ ವಿದ್ಯುತ್ ಕೋಶದ ಪಾಠ ನಡೆದಿತ್ತು. ‘ಬ್ಯಾಟರಿ ಎಂದರೇನು?’ ಎಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ‘ಕೇರಳದಲ್ಲಿರೋ ಊರು ಸಾ’ ಎಂದ. ತರಗತಿಗೆ ತರಗತಿಯೇ ನಕ್ಕಿತು. ನಾನೂ ನಕ್ಕೆ. ಸಂಜೆ ಮನೆಗೆ ಬಂದು ಕಾಫಿ ಕುಡಿಯುವಾಗ, ನಗಬಾರದಿತ್ತು ಎನ್ನಿಸಿತು. ಹುಡುಗ ಹೇಳಿದ್ದು ಮುಕ್ಕಾಲು ಪಾಲು ಸರಿಯಾಗಿಯೇ ಇತ್ತು.

ಮಕ್ಕಳೇ, ಫಿರಂಗಿಗಳನ್ನು ಸಾಲಾಗಿ ನಿಲ್ಲಿಸಿದ ನೆಲೆಗೆ ಯುರೋಪಿನ ಭಾಷೆಗಳಲ್ಲಿ ‘ಬ್ಯಾಟರಿ’ ಎನ್ನುತ್ತಾರೆ. ಬಡಿಯುವುದು ಎಂಬ ಅರ್ಥದ ಮೂಲದಿಂದ ಬಂದ ಪದ ಅದು. ನಮ್ಮ ನಾಲಿಗೆಯಲ್ಲಿ ಅದು ಬತ್ತೇರಿಯಾಗಿ, ಕೋಟೆಯ ಬುರುಜಿಗೂ ಹೆಸರಾಯಿತು. 1740ರ ದಶಕದ ಕೊನೆಯಲ್ಲಿ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ವಿದ್ಯುತ್ತನ್ನು ಕೂಡಿಡುವ ಗಾಜಿನ ಜಾಡಿಗಳನ್ನು ಒಂದಕ್ಕೊಂದು ಜೋಡಿಸಿ ಸಾಲಾಗಿ ಇಟ್ಟ. ಒಂದೊಂದೇ ಜಾಡಿ ಕೊಡುವ ಕಿಡಿ ಸಣ್ಣದು, ಎಲ್ಲ ಸೇರಿ ಕೊಟ್ಟಾಗ ದೊಡ್ಡದು. ತೋಪುಗಳ ಸಾಲು ಒಟ್ಟಿಗೆ ಸಿಡಿದ ಹಾಗೆ. ಆದ್ದರಿಂದ ಅದಕ್ಕೆ ಬ್ಯಾಟರಿ ಎಂದೇ ಹೆಸರಿಟ್ಟ. ಮದ್ದೂರಿನ ಅಂಗಡಿಯಲ್ಲಿ ನೀವು ಕೊಳ್ಳುವ ಟಾರ್ಚಿನ ಬ್ಯಾಟರಿಗೂ ಚೆಕ್‌ಪೋಸ್ಟಿನ ಆಚೆಗಿರುವ ಬತ್ತೇರಿಗೂ ಒಂದೇ ಪದ ಮೂಲ. ಮಾರನೆಯ ದಿನ ತರಗತಿಯಲ್ಲಿ ಇದನ್ನು ಹೇಳಿ ಆ ಹುಡುಗನಿಗೆ ಎಲ್ಲರಿಂದ ಚಪ್ಪಾಳೆ ಹೊಡೆಸಿದೆ.

ವೈನಾಡಿನ ಬತ್ತೇರಿಯ ಹಳೆಯ ಹೆಸರು ಗಣಪತಿವಟ್ಟಂ. ಅಲ್ಲಿಯ ಕಲ್ಲಿನ ಜೈನ ಬಸದಿಯನ್ನು ಟಿಪ್ಪುವಿನ ಸೈನ್ಯ ಮದ್ದುಗುಂಡು ಇಡಲು ಬಳಸಿಕೊಂಡದ್ದರಿಂದ ಊರಿಗೆ ಈ ಹೆಸರು ಬಂತು. ಅಲ್ಲಿಂದ ಸಮುದ್ರ ದೂರ. ಸಮುದ್ರದ ಕಡೆ ಕಣ್ಣಿಟ್ಟ ಇನ್ನೊಂದು ಸುಲ್ತಾನ್ ಬತ್ತೇರಿ ಮಂಗಳೂರಿನ ಬೋಳೂರಿನಲ್ಲಿದೆ. ಬಿ.ಎಡ್. ಓದುವಾಗ ಪ್ರವಾಸಕ್ಕೆ ಹೋಗಿ ಅದನ್ನು ನೋಡಿದ್ದೆ. ಗುರುಪುರ ನದಿಯೊಳಕ್ಕೆ ವೈರಿಯ ಯುದ್ಧನೌಕೆ ಬಾರದಂತೆ 1784ರಲ್ಲಿ ಟಿಪ್ಪು ಕಟ್ಟಿಸಿದ ಕರಿಕಲ್ಲಿನ ಕಾವಲು ಬುರುಜು ಅದು. ಸುತ್ತಲೂ ಗೋಡೆಯಲ್ಲಿ ತೋಪಿನ ಬಾಯಿ ಹೊರಚಾಚಲು ಕಂಡಿಗಳಿವೆ. ಕೆಳಗೆ ಮದ್ದು ಇಡುವ ನೆಲಮಾಳಿಗೆಯಿದೆ. ನಾವೆಲ್ಲ ಮೇಲೆ ಹತ್ತಿ ಕಂಡಿಗಳಲ್ಲಿ ತಲೆಯಿಟ್ಟು ಫೋಟೊ ತೆಗೆಸಿಕೊಂಡೆವು. ಕೆಳಗಿನ ಕೋಣೆಯನ್ನು ಬಗ್ಗಿ ಕೂಡ ನೋಡಲಿಲ್ಲ. ಶಿಕ್ಷಕರಾಗಲು ಹೊರಟಿದ್ದ ನಾವೆಲ್ಲ ಮಾಡಿದ ತಪ್ಪು ಅದು. ವಿಜ್ಞಾನವಿದ್ದದ್ದು ಕೆಳಗೆ.

ಅದು ನನಗೆ ಅರ್ಥವಾದದ್ದು ಬಹಳ ವರ್ಷಗಳ ಮೇಲೆ, ಮುಂಬಯಿಯಲ್ಲಿ. ನನ್ನ ಅಕ್ಕನ ಮಗ ಅಲ್ಲಿ ನೌಕರಿಯಲ್ಲಿದ್ದಾನೆ. ಬೇಸಿಗೆ ರಜೆಯಲ್ಲಿ ಹೋದಾಗ, ‘ಮಾವ, ನಿಮಗೆ ಇಷ್ಟವಾಗುವಂಥ ಜಾಗ ಒಂದಿದೆ’ ಎಂದು ಮೊದಲೇ ಹೆಸರು ನೋಂದಾಯಿಸಿ ಮಲಬಾರ್ ಹಿಲ್‌ನ ರಾಜಭವನಕ್ಕೆ ಕರೆದುಕೊಂಡು ಹೋದ. ಮೂರು ಕಡೆ ಅರಬ್ಬಿ ಸಮುದ್ರವಿರುವ ಗುಡ್ಡದ ತುದಿ ಅದು. 2016ರ ಆಗಸ್ಟಿನಲ್ಲಿ ಆ ಭವನದ ನೆಲದಡಿಯಲ್ಲಿ ಒಂದು ಬಂಕರು ಇರುವುದು ಪತ್ತೆಯಾಯಿತು. ಸಿ. ವಿದ್ಯಾಸಾಗರ ರಾವ್ ಅವರು ಆಗ ರಾಜ್ಯಪಾಲರು. ದಶಕಗಳಿಂದ ಮುಚ್ಚಿದ್ದ ಬಾಗಿಲು ತೆರೆದಾಗ, ಹದಿನೈದು ಸಾವಿರ ಚದರಡಿಗೂ ಹೆಚ್ಚಿನ ಜಾಗದಲ್ಲಿ 13 ಕೋಣೆಗಳು ಕಂಡವು. ಮೊದಲನೆಯ ಮಹಾಯುದ್ಧಕ್ಕಿಂತ ಹಿಂದೆ, ಸಮುದ್ರದಿಂದ ಬರುವ ವೈರಿಯ ಹಡಗುಗಳ ಮೇಲೆ ತೋಪು ಹಾರಿಸಲು ಬ್ರಿಟಿಷರು ಕಟ್ಟಿದ್ದು. ಅದನ್ನು ದುರಸ್ತಿ ಮಾಡಿ ವಸ್ತುಸಂಗ್ರಹಾಲಯವಾಗಿಸಿ, 2019ರ ಆಗಸ್ಟ್ 18ರಂದು ರಾಷ್ಟ್ರಪತಿ ರಾಮನಾಥ ಕೋವಿಂದರಿಂದ ಉದ್ಘಾಟನೆ ಮಾಡಿಸಿದರು. ಗುಡ್ಡದ ಇಳಿಜಾರಿನಲ್ಲಿ ಬಿದ್ದಿದ್ದ ಎರಡು ಹಳೆಯ ತೋಪುಗಳನ್ನು 2018ರಲ್ಲಿ ಕ್ರೇನಿನಿಂದ ಮೇಲೆತ್ತಿ ತಂದರು. ಒಂದೊಂದರ ತೂಕ 22 ಟನ್ನು. ನಮ್ಮ ಕಡೆಯ ದೊಡ್ಡ ಸಲಗ ಐದು ಟನ್ನು ತೂಗುತ್ತದೆ ಎಂದಿಟ್ಟುಕೊಂಡರೆ, ನಾಲ್ಕು ಸಲಗಗಳಿಗಿಂತ ಹೆಚ್ಚಾಯಿತು.

ತೋಪಿನ ಮುಂದೆ ಜನ ಸೇರಿದ್ದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಒಳಗಿನ ಕೋಣೆಗಳ ಹೆಸರುಗಳು. ಬಂಕರನ್ನು ತೆರೆದಾಗ ಗೋಡೆಗಳ ಮೇಲೆ ಸಿಕ್ಕ ಹೆಸರುಗಳಲ್ಲಿ ‘ಶೆಲ್ ಸ್ಟೋರ್’ ಒಂದು, ‘ಕಾರ್ಟ್ರಿಜ್ ಸ್ಟೋರ್’ ಇನ್ನೊಂದು, ‘ಶೆಲ್ ಲಿಫ್ಟ್’ ಮತ್ತೊಂದು. ಎರಡು ಉಗ್ರಾಣಗಳು ಏಕೆ? ಎರಡೂ ತೋಪಿನೊಳಗೇ ಹೋಗತಕ್ಕವಲ್ಲವೇ?

ವಿಷಯವಿರುವುದು ಇಲ್ಲಿಯೇ. ಶೆಲ್ ಎಂದರೆ ಹಾರಿ ಹೋಗುವ ಗುಂಡು. ಕಾರ್ಟ್ರಿಜ್ ಎಂದರೆ ಅದನ್ನು ತಳ್ಳುವ ಮದ್ದಿನ ಚೀಲ. ದೊಡ್ಡ ತೋಪುಗಳಲ್ಲಿ ಇವೆರಡನ್ನೂ ಬೇರೆ ಬೇರೆಯಾಗಿ ತುಂಬುತ್ತಿದ್ದರು. ತುಂಬುವ ಕ್ಷಣದವರೆಗೂ ಒಂದರ ಹತ್ತಿರ ಇನ್ನೊಂದು ಸುಳಿಯಬಾರದು. ಮದ್ದಿನ ಚೀಲವನ್ನು ರೇಷ್ಮೆ ಅಥವಾ ಉಣ್ಣೆ ಬಟ್ಟೆಯಲ್ಲಿ ಹೊಲಿಯುತ್ತಿದ್ದರು. ಹತ್ತಿ ಬಟ್ಟೆ ಉರಿದ ಮೇಲೂ ಕೆಂಡದ ಚೂರು ಉಳಿಸುತ್ತದೆ, ಆ ಚೂರು ತೋಪಿನೊಳಗೆ ಉಳಿದರೆ ಮುಂದಿನ ಚೀಲ ತುಂಬುವಾಗಲೇ ಅನಾಹುತ. ಆ ಕಾಲದ ಇಂಥ ಮದ್ದಿನ ಮನೆಗಳಿಗೆ ಹೋಗುವವರು ಹೊರಗಿನ ಕೋಣೆಯಲ್ಲಿ ತಮ್ಮ ಬೂಟು ಕಳಚಿ, ಮೊಳೆಯಿಲ್ಲದ ಮೆತ್ತನೆಯ ಪಾದರಕ್ಷೆ ಹಾಕಿಕೊಳ್ಳಬೇಕಿತ್ತು. ಕಬ್ಬಿಣದ ಮೊಳೆ ಕಲ್ಲಿಗೆ ಉಜ್ಜಿದರೆ ಕಿಡಿ. ಉಪಕರಣಗಳೂ ತಾಮ್ರದವು, ಕಂಚಿನವು. ಬೆಳಕಿಗೆ ಎಣ್ಣೆದೀಪವೇ ಗತಿ. ಆದರೆ ದೀಪವನ್ನು ಮದ್ದಿನ ಕೋಣೆಯೊಳಗೆ ಒಯ್ಯುವಂತಿಲ್ಲ. ಗೋಡೆಯ ಆಚೆ ದೀಪಕ್ಕೆಂದೇ ಬೇರೆ ಓಣಿ, ನಡುವೆ ದಪ್ಪ ಗಾಜಿನ ಕಿಟಕಿ. ಬೆಳಕು ಒಳಗೆ, ಬೆಂಕಿ ಹೊರಗೆ. ಇಷ್ಟನ್ನು ಮಾಡಿದವರು ಬೆಳಕು ಗಾಜಿನ ಮೂಲಕ ಹಾಯುತ್ತದೆ, ಬೆಂಕಿಯ ಕಿಡಿ ಹಾಯುವುದಿಲ್ಲ ಎಂಬ ಏಳನೆಯ ತರಗತಿಯ ಪಾಠವನ್ನು ಜೀವಕ್ಕೆ ಹತ್ತಿರ ಇಟ್ಟುಕೊಂಡಿದ್ದರು ಅಷ್ಟೆ.

ನೆಲದಡಿಯಲ್ಲಿ ಕಟ್ಟಿದರೆ ವೈರಿಯ ಗುಂಡು ಮೇಲಿನ ಮಣ್ಣಿನಲ್ಲಿ ಹೂತು ಹೋಗುತ್ತದೆ. ಆದರೆ ತೇವ? ಮದ್ದು ತೇವಾಂಶವನ್ನು ಎಳೆದುಕೊಳ್ಳುತ್ತದೆ, ಮುಂಬಯಿಯ ಮಳೆ ಬೇರೆ. ಅದಕ್ಕೆ ನೀರು ಹರಿಯಲು ಕಾಲುವೆ, ಗಾಳಿ ಬೆಳಕು ಇಳಿಯಲು ಕಿಂಡಿಗಳು. ಅಷ್ಟು ವರ್ಷ ಮುಚ್ಚಿಟ್ಟಿದ್ದ ಬಂಕರನ್ನು ತೆರೆದಾಗ ಆ ಕಾಲುವೆಗಳೂ ಕಿಂಡಿಗಳೂ ಸುಸ್ಥಿತಿಯಲ್ಲಿದ್ದವಂತೆ. ನಮ್ಮಲ್ಲಿ ಕಟ್ಟಿದ ಮೂರನೆಯ ಮಳೆಗಾಲಕ್ಕೇ ಸೋರುವ ಕಟ್ಟಡಗಳನ್ನು ನೋಡಿದವನು ನಾನು, ಅಲ್ಲಿ ಸ್ವಲ್ಪ ಹೊತ್ತು ತಲೆಯೆತ್ತಿ ಚಾವಣಿ ನೋಡುತ್ತಲೇ ನಿಂತೆ.

ತೋಪನ್ನು ಗುಡ್ಡದ ಮೇಲೆ ಏಕೆ ಇಡುತ್ತಾರೆ ಎಂಬುದಕ್ಕೆ ಒಂದು ಸುಲಭ ಲೆಕ್ಕವಿದೆ. ಭೂಮಿ ದುಂಡಗಿರುವುದರಿಂದ ನಿಮಗೆ ಕಾಣುವ ಸಮುದ್ರಕ್ಕೆ ಒಂದು ಅಂಚು ಇರುತ್ತದೆ. ನಿಮ್ಮ ಕಣ್ಣಿನ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ಅಂಚಿನ ದೂರ ಕಿಲೋಮೀಟರಿನಲ್ಲಿ ಬರುತ್ತದೆ. ದಡದ ಮರಳಿನ ಮೇಲೆ ನಿಂತ ಹುಡುಗನ ಕಣ್ಣಿನ ಎತ್ತರ ಒಂದೂವರೆ ಮೀಟರ್ ಆದರೆ ಅವನಿಗೆ ಕಾಣುವುದು ನಾಲ್ಕು ಕಿ.ಮೀ. ಚಿಲ್ಲರೆ. 25 ಮೀಟರ್ ಎತ್ತರದ ಗುಡ್ಡದ ಮೇಲಿನಿಂದ ಸುಮಾರು 18 ಕಿ.ಮೀ. ಮನೆಗೆಲಸಕ್ಕೆ ಒಂದು ಪ್ರಶ್ನೆ: ನಮ್ಮ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಎತ್ತರ 1454 ಮೀಟರ್. ಕಲ್ಲಿಕೋಟೆಯ ಕಡಲು ಅಲ್ಲಿಂದ ನೇರ ಗೆರೆಯಲ್ಲಿ ಸುಮಾರು 100 ಕಿ.ಮೀ. ನಡುವೆ ಬೇರೆ ಬೆಟ್ಟಗಳೂ ಮಂಜೂ ಇಲ್ಲದಿದ್ದರೆ ಕಡಲು ಕಾಣುತ್ತಿತ್ತೇ? ಲೆಕ್ಕ ಮಾಡಿ ನೋಡಿ. ಪೋಷಕರೂ ಪ್ರಯತ್ನಿಸಬಹುದು.

ಇಷ್ಟೆಲ್ಲ ಸಿದ್ಧತೆ ಸುಮ್ಮನೆ ಭಯದಿಂದ ಮಾಡಿದ್ದಲ್ಲ. 1914ರ ಸೆಪ್ಟೆಂಬರ್ 22ರ ರಾತ್ರಿ ಎಂಡೆನ್ ಎಂಬ ಜರ್ಮನ್ ಯುದ್ಧನೌಕೆ ಮದರಾಸಿನ ಎದುರಿಗೆ ಬಂದು ನಿಂತು ಸುಮಾರು 130 ಗುಂಡು ಹಾರಿಸಿ, ಬರ್ಮಾ ಆಯಿಲ್ ಕಂಪನಿಯ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಹಚ್ಚಿ ಕತ್ತಲಲ್ಲಿ ಮಾಯವಾಯಿತು. ದಡದ ತೋಪುಗಳು ಉತ್ತರ ಕೊಟ್ಟರೂ ಹಡಗಿಗೆ ಏನೂ ಆಗಲಿಲ್ಲ. ಮಲಯಾಳದಲ್ಲಿ ಭಾರೀ ಗಾತ್ರದ್ದಕ್ಕೆ ‘ಎಮಂಡನ್’ ಎನ್ನುವುದು ಆ ಹಡಗಿನಿಂದಲೇ ಬಂತೆಂದು ಹೇಳುತ್ತಾರೆ. ನಮ್ಮ ಗಡಿಯಲ್ಲಿ ಲಾರಿ ಚಾಲಕರ ಬಾಯಲ್ಲಿ ನೀವೂ ಕೇಳಿರಬಹುದು.

ಮುಂಬಯಿಯ ಬಂಕರಿನೊಳಗೆ 2022ರ ಜೂನ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಕ್ರಾಂತಿಕಾರಿಗಳ ಒಂದು ಗ್ಯಾಲರಿಯನ್ನು ಉದ್ಘಾಟಿಸಿದರು. ವಾಸುದೇವ ಬಲವಂತ ಫಡಕೆ, ಚಾಪೇಕರ್ ಸಹೋದರರು, ಮೇಡಂ ಕಾಮಾ, 1946ರ ನೌಕಾಪಡೆಯ ಬಂಡಾಯ ಎಲ್ಲಕ್ಕೂ ಅಲ್ಲಿ ಜಾಗ ಸಿಕ್ಕಿದೆ. ಬ್ರಿಟಿಷರ ಮದ್ದಿನ ಮನೆಯಲ್ಲಿ ಬ್ರಿಟಿಷರನ್ನು ಎದುರಿಸಿದವರ ಚಿತ್ರಗಳು. ನನಗೆ ಅದು ಮೆಚ್ಚುಗೆಯಾಯಿತು. ಆದರೂ ವಿಜ್ಞಾನದ ಮೇಷ್ಟ್ರ ಕೊರಗು ಒಂದಿದೆ. ದೀಪ ಎಲ್ಲಿತ್ತು, ಬೂಟು ಎಲ್ಲಿ ಕಳಚುತ್ತಿದ್ದರು, ಚೀಲ ಯಾವ ದಾರಿಯಲ್ಲಿ ಮೇಲೆ ಹೋಗುತ್ತಿತ್ತು ಎಂದು ಮಕ್ಕಳಿಗೆ ಹಂತ ಹಂತವಾಗಿ ತೋರಿಸುವಂಥದ್ದು ಯಾವ ಕೋಟೆಯಲ್ಲಾಗಲಿ ಬಂಕರಿನಲ್ಲಾಗಲಿ ಇನ್ನೂ ಹೆಚ್ಚಾಗಿ ಬೇಕು.

ಈ ಕೊರಗಿಗೆ ಕಾರಣವಿದೆ. ಕಾಡಂಚಿನ ನಮ್ಮ ಹೊಲಗಳಲ್ಲಿ ಹಂದಿ ಹೊಡೆಯಲು ಕೆಲವರು ಸಿಡಿಮದ್ದು ಇಡುತ್ತಾರೆ. ಕಾನೂನು ಒಪ್ಪದ ಕೆಲಸ. ತೋಪಿನ ಕರಿಮದ್ದಿಗೆ ಬೆಂಕಿ ಸೋಕಬೇಕು, ಸಿಡಿಮದ್ದಿಗೆ ಅದೂ ಬೇಡ. ಕಚ್ಚಿದರೆ, ತುಳಿದರೆ ಸಾಕು. ದನದ ಬಾಯಿ ಒಡೆದು ಹೋದದ್ದನ್ನು ನೋಡಿದ್ದೇನೆ. ನನ್ನ ವಿದ್ಯಾರ್ಥಿಯೊಬ್ಬ ಬದುವಿನಲ್ಲಿ ಬಿದ್ದಿದ್ದ ಉಂಡೆಯನ್ನು ಏನೋ ಎಂದು ಎತ್ತಿಕೊಂಡ. ಬಲಗೈಯ ಎರಡು ಬೆರಳು ಹೋದವು. ಆರು ತಿಂಗಳು ಶಾಲೆಗೆ ಬರಲಿಲ್ಲ. ಬಂದ ಮೇಲೆ ಎಡಗೈಯಲ್ಲಿ ಬರೆಯುವುದನ್ನು ಕಲಿತ. ಪಾಠದಲ್ಲಿ ಗಂಧಕ, ಇದ್ದಿಲು ಎಂಬ ಮಾತು ಬಂದರೆ ತಲೆ ಕೆಳಗೆ ಹಾಕುತ್ತಿದ್ದ. (ಮದ್ದಿನ ಪ್ರಮಾಣಗಳನ್ನು ನಾನು ಕಪ್ಪುಹಲಗೆಯ ಮೇಲೆ ಬರೆಯುವುದಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ಕಾರಣ ಅವನೇ.)

ಮುಂಬಯಿಯಿಂದ ಬಂದ ವರ್ಷ ಡಿಸೆಂಬರಿನಲ್ಲಿ ಒಂದು ದಿನದ ಪ್ರವಾಸಕ್ಕೆ ಶ್ರೀರಂಗಪಟ್ಟಣವನ್ನು ಆರಿಸಿದೆ. ಮುಂಬಯಿ ನಮ್ಮ ಮಕ್ಕಳ ಕೈಗೆಟುಕದು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆಗಳಿವೆ, ನೆಲದ ಮಟ್ಟಕ್ಕಿಂತ ತಗ್ಗಿನಲ್ಲಿ, ಇಟ್ಟಿಗೆ ಗಾರೆಯ ದಪ್ಪ ಗೋಡೆಯವು. ಅವುಗಳಲ್ಲೊಂದು ಮೈಸೂರು–ಬೆಂಗಳೂರು ಜೋಡಿ ರೈಲು ಹಳಿಗೆ ಅಡ್ಡ ಬರುತ್ತಿತ್ತು. ಒಡೆಯಲಿಲ್ಲ. ಸುಮಾರು ಸಾವಿರ ಟನ್ನಿನ ಆ ಕಟ್ಟಡದ ಅಡಿಗೆ ಜ್ಯಾಕು ಕೊಟ್ಟು, ಇಡಿಯಾಗಿ ಎತ್ತಿ, 2017ರಲ್ಲಿ ಸುಮಾರು 130 ಮೀಟರ್ ಆಚೆಗೆ ಸರಿಸಿಟ್ಟರು. ಪಾಸ್ಕಲನ ನಿಯಮಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಪಠ್ಯದಲ್ಲಿ ಸಿಕ್ಕಿಲ್ಲ.

ಪ್ರವಾಸಕ್ಕೆ ಮುಂಚೆ ಪೋಷಕರ ಸಭೆ ಕರೆದಿದ್ದೆವು. ಆ ಹುಡುಗನ ತಾಯಿ ಎಲ್ಲರೂ ಹೋಗುವವರೆಗೆ ಬಾಗಿಲ ಹತ್ತಿರ ನಿಂತಿದ್ದರು. ‘ಮದ್ದಿಂದ ಕೈ ಕಳ್ಕಂಡ ಮಗುಗ ಮದ್ದಿನ ಮನ ತೋರುಸ್ಬೇಕಾ ಮೇಷ್ಟ್ರೇ?’ ಎಂದರು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ‘ಅವನನ್ನೇ ಕೇಳಿ ತಾಯಿ, ಬೇಡ ಅಂದರೆ ನಾನೂ ಬಲವಂತ ಮಾಡುವುದಿಲ್ಲ’ ಎಂದೆ. ಹೊರಡುವ ದಿನ ಬೆಳಗಿನ ಜಾವ ಐದಕ್ಕೆ ಬಸ್ಸಿನ ಹತ್ತಿರ ಅವನಿದ್ದ. ತಾಯಿಯೂ ಬಂದಿದ್ದರು, ಬುತ್ತಿಯ ಗಂಟು ಹಿಡಿದು.

ಶ್ರೀರಂಗಪಟ್ಟಣದಲ್ಲಿ ಮಕ್ಕಳನ್ನು ಕಟ್ಟಡದ ಮುಂದೆ ನಿಲ್ಲಿಸಿ, ಇದರೊಳಗೆ ಮದ್ದಿದ್ದಾಗ ಕೆಲಸಗಾರರು ಏನೇನು ಎಚ್ಚರಿಕೆ ವಹಿಸಬೇಕಿತ್ತು ಹೇಳಿ ಎಂದೆ. ದೀಪ ಒಯ್ಯಬಾರದು ಎಂದಳು ಒಬ್ಬಳು. ಬೀಡಿ ಸೇದಬಾರದು ಎಂದ ಇನ್ನೊಬ್ಬ, ಎಲ್ಲರೂ ನಕ್ಕರು. ಮುಂಬಯಿಯ ಕೋಣೆಗಳ ಸಂಗತಿ, ಬೂಟಿನ ಮೊಳೆಯ ಸಂಗತಿ ಹೇಳಿದೆ. ಆ ಹುಡುಗ ಗೋಡೆಗೆ ಎಡಗೈ ಊರಿ ಕೇಳುತ್ತಿದ್ದವನು, ‘ಸಾ, ಅಷ್ಟು ದೊಡ್ಡ ಸೈನ್ಯದವ್ರೇ ಚಪ್ಲಿ ಬುಟ್ಟು ಹೋಗವ್ರಾ?’ ಎಂದ.

‘ಹೌದಪ್ಪ, ಹಾಗೆಯೇ ಹೋಗಬೇಕಿತ್ತು.’

‘ಮತ್ತ ನಮ್ಮೂರ್ಲಿ ಅದ್ನ ಹಂಗೇ ಬದೂಲಿ ಮಡಗ್ಬುಟ್ಟು ಹೋಯ್ತರಲ್ಲ ಸಾ.’

ಯಾರೂ ನಗಲಿಲ್ಲ. ವಾಪಸು ಬರುವಾಗ ನಂಜನಗೂಡು ದಾಟುವವರೆಗೂ ಹಿಂದಿನ ಸೀಟಿನಲ್ಲಿ ಅವನದೇ ಮಾತು. ಗಾಜಿನ ಕಿಟಕಿ, ದೀಪದ ಓಣಿ, ರೇಷ್ಮೆಯ ಚೀಲ ಎಲ್ಲವನ್ನೂ ನಿದ್ದೆಗಣ್ಣಿನ ಚಿಕ್ಕ ಮಕ್ಕಳಿಗೆ, ಮುಂಬಯಿಗೆ ತಾನೇ ಹೋಗಿ ಬಂದವನಂತೆ, ವಿವರಿಸುತ್ತಿದ್ದ. ರಾತ್ರಿ ಮದ್ದೂರಿನಲ್ಲಿ ಇಳಿದಾಗ ಚೆಕ್‌ಪೋಸ್ಟಿನ ಗೇಟು ಬೀಳುವ ಹೊತ್ತು. ತಾಯಿ ಖಾಲಿಯಾದ ಬುತ್ತಿಯ ಡಬ್ಬಿಯನ್ನು ಅವನ ಕೈಯಿಂದ ತೆಗೆದುಕೊಂಡು ಅಲುಗಾಡಿಸಿ ನೋಡಿದರು.